ವಾಶಿ ಸುತ್ತಿ ಬರುವ ಗಂಡ

ಈ ವಾರ ಬಂದ ಒಂದು ಪತ್ರ ಓದಿ ಸಿಟ್ಟು ನೆತ್ತಿಗೇರಿತು. ಬರೆದ ಹೆಣ್ಣುಮಗಳ ಮೇಲಲ್ಲ. ಅವರ ಮೇಲೂ ಒಂದಿಷ್ಟು ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ಮುಂಬೈಯ ಚೆಂಬೂರಿನ ಈ ತಂಗಿಯ ಗಂಡನಿಗೆ ಥಾಣೆಯಲ್ಲಿ ಕೆಲಸ. ನಾಲ್ಕು ವರ್ಷ ಗರ್ದ್, ಅಂದರೆ ಬ್ರೌನ್ ಶುಗರ್, ಸೇದಿದರು. ಒಡವೆ ಹೋಯಿತು, ಸಾಲವಾಯಿತು. ವ್ಯಸನಮುಕ್ತಿ ಕೇಂದ್ರದಿಂದ ಬಂದು ಈಗ ಎರಡು ತಿಂಗಳು. ಬಿಟ್ಟು ಬಂದವರ ಮುಖದಲ್ಲಿ ಒಂದು ನಗುವಿಲ್ಲ ಎಂಬುದೇ ತಂಗಿಯ ದೂರು. ಮಗಳು ಕೇಕ್ ಕತ್ತರಿಸುವಾಗ ಗೋಡೆ ನೋಡುತ್ತ ನಿಂತಿದ್ದರಂತೆ. ಚಪಾತಿಯನ್ನು ಬೆಳ್ಳಿ ಫಾಯಿಲ್‌ನಲ್ಲಿ ಸುತ್ತಿ ಕೊಟ್ಟಿದ್ದಕ್ಕೆ ಡಬ್ಬಿಯನ್ನೇ ಎಸೆದರಂತೆ. 'ಕೊನೆಕೊನೆಗೆ ಅದರಲ್ಲಿ ಮಜಾನೇ ಇರಲಿಲ್ಲ ಅಂತ ಅವರೇ ಹೇಳ್ತಾರೆ. ಮತ್ಯಾಕೆ ಸೇದಿದ್ರು? ನಮ್ಮ ಮೇಲಿನ ಹಗೆಗಾ?'

ಇನ್ನು ಭಾವ. ಘಾಟ್ಕೋಪರ್‌ನಲ್ಲಿ ಹೋಟೆಲ್ ಇಟ್ಟಿದ್ದಾರೆ, ಚಿಕಿತ್ಸೆಯ ಖರ್ಚು ಅವರದೇ. ಆ ಹಕ್ಕಿನಿಂದ ರಾತ್ರಿ ತಮ್ಮನ ಜೇಬು ತಡಕುತ್ತಾರೆ. ಮಗಳ ತಲೆ ಮುಟ್ಟಿಸಿ ಆಣೆ ಹಾಕಿಸಿದ್ದಾರೆ. ಮೊನ್ನೆ ಭಾನುವಾರ ಕುರ್ಲಾದಲ್ಲಿ ಹಿಂದೆ ಮಾಲು ಸಿಗುತ್ತಿದ್ದ ಗಲ್ಲಿಗೇ ಕರೆದೊಯ್ದು, 'ಗಂಡಸಾದರೆ ಇಲ್ಲಿ ಹತ್ತು ನಿಮಿಷ ನಿಂತು ತೋರಿಸು' ಅಂದರಂತೆ. ತಮ್ಮ ಬೆವರಿ ವಾಂತಿ ಮಾಡಿಕೊಂಡರು. 'ನೋಡು, ಇನ್ನೂ ಬಿಟ್ಟಿಲ್ಲ' ಎಂದು ತೀರ್ಪೂ ಆಯಿತು.

ಪತ್ರದ ಕೊನೆಗೆ, ಸಹಿಗೆ ಮುಂಚೆ, ಒಂದು ಸಾಲು: 'ಕುರ್ಲಾದಲ್ಲಿ ಲೋಕಲ್ ಗಾಡಿ ಬದಲಾಯಿಸಿ ಬೇಗ ಬರೋದು ಬಿಟ್ಟು ಎಷ್ಟೋ ಹೊತ್ತು ಮಾಡಿ ಬರ್ತಾರೆ. ಜೇಬಲ್ಲಿ ಥಾಣೆ-ವಾಶಿ ಟಿಕೆಟ್ ಸಿಕ್ತು. ಹೊಸ ಅಡ್ಡಾ ಹುಡುಕಿದ್ದಾನೆ ಅಂತಾರೆ ಭಾವ.'

ತಂಗೀ, ಮಾಲು ಸಿಗುತ್ತಿದ್ದದ್ದು ಕುರ್ಲಾದಲ್ಲಿ ಎಂದು ಬರೆದವರೂ ನೀವೇ. ಎರಡನ್ನೂ ಒಟ್ಟಿಗೆ ಇಟ್ಟು ನೋಡಲಿಲ್ಲವೇ? ಇಡೀ ದಿನ ದುಡಿದ ಮನುಷ್ಯ ಥಾಣೆಯಲ್ಲಿ ಟ್ರಾನ್ಸ್-ಹಾರ್ಬರ್ ಮಾರ್ಗದ ಲೋಕಲ್ ರೈಲು ಹತ್ತಿ, ವಾಶಿಯಲ್ಲಿ ಇಳಿದು, ಮತ್ತೆ ಹಾರ್ಬರ್ ಮಾರ್ಗದ ರೈಲು ಹಿಡಿದು, ಸಮುದ್ರದ ಖಾಡಿ ದಾಟಿ, ಮಾನಖುರ್ದ್, ಗೋವಂಡಿ ಮೇಲೆ ಚೆಂಬೂರಿಗೆ ಬರುತ್ತಿದ್ದಾನೆ. ಕುರ್ಲಾದಲ್ಲಿ ಕಾಲಿಡಬಾರದು ಎಂಬ ಒಂದೇ ಕಾರಣಕ್ಕೆ. ನಿಮ್ಮ ಮನೆಯಲ್ಲಿ ಈ ರೋಗಕ್ಕೆ ನಿಜವಾದ ಮದ್ದು ಮಾಡುತ್ತಿರುವವರು ಅವರೊಬ್ಬರೇ. ನೀವು ಅದಕ್ಕೂ ಜಗಳ ತೆಗೆದಿರಿ.

ಮಜಾ ಇಲ್ಲದೆ ಯಾಕೆ ಸೇದಿದರು ಎಂದು ಕೇಳಿದ್ದೀರಿ. ಬೇಕೆನ್ನಿಸುವುದು ಬೇರೆ, ಹಿತವೆನಿಸುವುದು ಬೇರೆ. ಮಿದುಳಿನಲ್ಲಿ ಎರಡಕ್ಕೂ ದಾರಿ ಬೇರೆ ಬೇರೆ ಎಂದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಟೆರಿ ರಾಬಿನ್ಸನ್ ಮತ್ತು ಕೆಂಟ್ ಬೆರಿಡ್ಜ್ 1993ರಲ್ಲೇ ಬರೆದರು. ಡೋಪಮೈನ್ ಎಂಬ ಮಿದುಳಿನ ರಾಸಾಯನಿಕವನ್ನು ಬತ್ತಿಸಿದ ಇಲಿಯ ಬಾಯಿಗೆ ಸಕ್ಕರೆ ನೀರು ಬಿಟ್ಟರೆ ತುಟಿ ಚಪ್ಪರಿಸುತ್ತದೆ. ಎದುರಿಗೇ ತಿಂಡಿ ಇಟ್ಟರೆ ಅತ್ತ ಹೆಜ್ಜೆ ಇಡುವುದಿಲ್ಲ. ರುಚಿ ಗೊತ್ತು, ಬೇಕೆಂಬುದು ಸತ್ತಿದೆ. ಚಟ ಬಲಿತವರಲ್ಲಿ ಇದು ತಿರುಗುಮುರುಗು: ಹಿತ ಸವೆದು ಹೋಗುತ್ತದೆ, ಬೇಕೆಂಬುದು ಬೆಳೆಯುತ್ತಲೇ ಇರುತ್ತದೆ. ಆ ಬೇಕು ಕೆರಳುವುದಕ್ಕೆ ಮಾಲು ಕಣ್ಣಿಗೆ ಬೀಳಬೇಕೆಂದಿಲ್ಲ. ಗಲ್ಲಿ, ಬೆಂಕಿಕಡ್ಡಿಯ ವಾಸನೆ, ಯಾವುದಾದರೂ ಸಾಕು. ಗರ್ದ್ ಸೇದುವುದು ಪನ್ನಿಯ, ಅಂದರೆ ಫಾಯಿಲ್‌ನ, ಮೇಲೆ ಕಾಯಿಸಿ. ನೀವು ಬೆಳಬೆಳಗ್ಗೆ ಅದೇ ಬೆಳ್ಳಿ ಹಾಳೆಯನ್ನು ಕೈಗಿಟ್ಟಿರಿ. ಚಪಾತಿಯನ್ನು ಬಟ್ಟೆಯಲ್ಲಿ ಸುತ್ತಿ.

ಇನ್ನೊಂದು ಅರ್ಧವೂ ಇದೆ. ಮೊದಲು ಖುಷಿಗೆ ಸೇದುತ್ತಾರೆ, ಆಮೇಲೆ ಸಂಕಟ ಕಳೆಯಲು. ನಶೆಯ ಪ್ರತಿ ಏರಿಕೆಯನ್ನೂ ಮಿದುಳು ಎದುರು ಎಳೆದು ಇಳಿಸುತ್ತದೆ. ಏರಿಕೆ ಚಿಕ್ಕದಾಗುತ್ತ ಹೋದಂತೆ ಆ ಎಳೆತ ದೊಡ್ಡದಾಗುತ್ತದೆ ಎಂದು ಮನೋವಿಜ್ಞಾನಿ ರಿಚರ್ಡ್ ಸಾಲಮನ್ 1974ರಲ್ಲಿ ಬರೆದಿದ್ದರು. ಮೂಗು ಸೋರುವುದು, ಭೇದಿ, ಮೈಕೈ ಮುರಿಯುವಂಥ ನೋವು, ಅಂದರೆ ಸೇದುವವರು 'ಟರ್ಕಿ' ಅನ್ನುವುದು, ಕೆಲವು ದಿನಗಳಲ್ಲಿ ಮುಗಿಯುತ್ತದೆ. ಮನಸ್ಸಿನ ಎಳೆತ ಅಷ್ಟು ಬೇಗ ಸಡಿಲುವುದಿಲ್ಲ. ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ, ಊಟ, ಮಗು, ಹಾಡು ಯಾವುದೂ ಒಳಗೆ ಇಳಿಯುವುದಿಲ್ಲ. ಕೇಕ್ ಮುಂದೆ ಅವರು ಗೋಡೆ ನೋಡಿದ್ದು ಇದಕ್ಕೆ. ನಿಮ್ಮ ಮೇಲೆ ಹಗೆಯಿಲ್ಲ.

ಜಾಗಕ್ಕೆ ಅಷ್ಟು ಶಕ್ತಿ ಇದೆಯೇ ಎಂದು ಭಾವ ಕೇಳಬಹುದು. ವಿಯೆಟ್ನಾಂನಲ್ಲಿ ಹೆರಾಯಿನ್ ಚಟಕ್ಕೆ ಬಿದ್ದ ಅಮೆರಿಕದ ಸೈನಿಕರು 1971ರಲ್ಲಿ ಊರಿಗೆ ಮರಳಿದ ಮೇಲೆ ಲೀ ರಾಬಿನ್ಸ್ ಎಂಬ ಸಂಶೋಧಕಿ ಆ ಸೈನಿಕರನ್ನು ಹುಡುಕಿ ವಿಚಾರಿಸಿದರು. ಮೊದಲ ವರ್ಷದಲ್ಲಿ ಮತ್ತೆ ಚಟಕ್ಕೆ ಬಿದ್ದವರು ಶೇ. 5ರಷ್ಟು ಮಾತ್ರ. ಎಲ್ಲವೂ ಜಾಗದ ಮಹಿಮೆ ಅನ್ನಲಾರೆ, ಆದರೆ ಅವರು ಬಿಟ್ಟು ಬಂದ ಬೀದಿ ಅವರ ಮನೆ ದಾರಿಯಲ್ಲಿರಲಿಲ್ಲ. ನಿಮ್ಮವರದು ಇದೆ, ದಿನಕ್ಕೆರಡು ಸಲ.

ಆಣೆ ಬೇಡ, ಆಣೆ ಬೇಡ ಎಂದು ಈ ಅಂಕಣದಲ್ಲಿ ಬರೆದೂ ಬರೆದೂ ಸಾಕಾಗಿದೆ. ಆಣೆ ಹಾಕಿದವನು ಒಮ್ಮೆ ಜಾರಿದರೆ ಬಚ್ಚಿಡುತ್ತಾನೆ, ಬಚ್ಚಿಡುವವನು ಒಬ್ಬನೇ ಸೇದುತ್ತಾನೆ. ಎರಡು ತಿಂಗಳು ಬಿಟ್ಟ ಮೈಗೆ ಹಳೆಯ ಅಳತೆ ತಡೆಯುವ ಶಕ್ತಿ ಉಳಿದಿರುವುದಿಲ್ಲ. ಮೊದಲು ಏನೂ ಆಗದಷ್ಟರಲ್ಲೇ ಈಗ ಉಸಿರು ನಿಲ್ಲಬಹುದು. ಎಬ್ಬಿಸಿದರೆ ಏಳದೆ, ಉಸಿರು ನಿಧಾನವಾಗಿ, ತುಟಿ ನೀಲಿಯಾದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಮಗಳ ತಲೆಯ ಆಣೆಯನ್ನು ಇಂದೇ ನೀವೇ ಬಾಯಿಬಿಟ್ಟು ವಾಪಸ್ ತೆಗೆದುಕೊಳ್ಳಿ. 'ಜಾರಿದರೆ ಮೊದಲು ನನಗೆ ಹೇಳಿ, ಬಯ್ಯುವುದಿಲ್ಲ' ಎಂದು ಗಂಡನಿಗೆ ಹೇಳಿ. ಹಂಬಲ ತಗ್ಗಿಸುವ ಮಾತ್ರೆಗಳಿವೆ. ನಿಮಗೆ ಹತ್ತಿರದ ಸಾಯನ್ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಕೇಳಿ, ಇಲ್ಲವೇ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ.

ಇವೆಲ್ಲದಕ್ಕೂ ಮೊದಲು ಒಂದು ಕೆಲಸ. ವಾಶಿ ದಾರಿಯ ಪಾಸ್ ತೆಗೆಸಿಕೊಡಿ. ಎರಡು ಪಾಸ್ ಬೇಕಾದರೆ ಎರಡು, ಮೂರು ತಿಂಗಳಿಗೆ, ನಿಮ್ಮ ಕೈಯಿಂದಲೇ. ಯಾಕೆಂದು ಕೇಳಿದರೆ ಗೊತ್ತಾಯಿತು ಎಂದಷ್ಟೇ ಹೇಳಿ.

ಭಾವನವರಿಗೆ ಜೇಬು ಮುಟ್ಟಬೇಡಿ ಎಂದು ಹೇಳುವ ಧೈರ್ಯ ನಿಮಗೆ ಇಲ್ಲದಿದ್ದರೆ ಈ ಪುಟವನ್ನು ಹೋಟೆಲ್ ಗಲ್ಲಾದ ಮೇಲೆ ಇಟ್ಟು ಬನ್ನಿ. ಕುರ್ಲಾದ ಪರೀಕ್ಷೆ ಇನ್ನೊಮ್ಮೆ ನಡೆದರೆ ನನಗೆ ಬರೆಯಿರಿ, ಮುಂದಿನ ಉತ್ತರ ಅವರಿಗೇ.