ಹರಕೆ ತೀರಿತ್ತು, ಭಯ ತೀರಿರ್ಲಿಲ್ಲ

(ಅವ್ರ ಒಪ್ಪಿಗೆ ತಗೊಂಡೇ ಬರೀತಿದೀನಿ, ಗುರುತು ಸಿಗೋ ವಿವರ ಎಲ್ಲಾ ಬದಲಾಯ್ಸಿದೀನಿ.)

ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದವ್ರು ಐವತ್ತೈದು ದಾಟಿದ ಗೃಹಿಣಿ, ತುಮಕೂರು ಕಡೆಯವ್ರು, ಈಗ ಬೆಂಗಳೂರಲ್ಲಿ ಮಗ ಸೊಸೆ ಜೊತೆ ಇದಾರೆ. ಆಗ ಪ್ರತಿ ಶನಿವಾರ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆ ಮುಂದೆ ಊಟ ಹಂಚ್ತಿದ್ರು. ರೋಗಿಗೆ ವಾರ್ಡಲ್ಲಿ ಊಟ ಕೊಡ್ತಾರೆ, ಜೊತೆಗೆ ಬಂದು ಮರದ ಕೆಳಗೆ ಚಾಪೆ ಹಾಸ್ಕೊಂಡು ವಾರಗಟ್ಲೆ ಇರ್ತಾರಲ್ಲ, ಅವ್ರ ಹೊಟ್ಟೆಪಾಡು ಅವ್ರದ್ದೇ. ಹಾಗಾಗಿ ಕೆಲ್ಸ ಒಳ್ಳೇದೇ, ಎರಡು ಮಾತಿಲ್ಲ. ಆದ್ರೆ ನಿದ್ದೆ ಬರ್ತಿಲ್ಲ, ಎದೆ ಡವಡವ ಅನ್ನುತ್ತೆ, ಶುಕ್ರವಾರ ಸಂಜೆ ಆಯ್ತು ಅಂದ್ರೆ ಮನೇಲಿ ಎಲ್ರ ಮೇಲೂ ರೇಗಾಡ್ತಾರೆ ಅಂತ ಸೊಸೆನೇ ಕರ್ಕೊಂಡು ಬಂದಿದ್ದು.

ಹಿಂದಿನ ವಾರ ಬೆಳಗಿನ ಜಾವ ಮೂರಕ್ಕೆ ಎದ್ದು ಬಿಸಿಬೇಳೆಬಾತ್ ಮಾಡ್ಕೊಂಡು ಹೋಗಿದಾರೆ, ರಾಯಚೂರು ಕಡೆ ಅಜ್ಜ ಒಬ್ರು ಪೊಟ್ಟಣ ಬಿಚ್ಚಿ ನೋಡಿ "ದಿನಾ ಅನ್ನಾನೇ ಆತು, ರೊಟ್ಟಿ ಇಲ್ಲೇನ್ರೀ ಯವ್ವಾ" ಅಂದ್ರಂತೆ. ಅಷ್ಟೇ ಆಗಿದ್ದು. "ಥ್ಯಾಂಕ್ಸ್ ಏನೂ ಬೇಡ ಮೇಡಂ, ಆದ್ರೂ ಹಿಂಗನ್ನೋದಾ?" ಅಂತ ಅತ್ತೇಬಿಟ್ರು. ನಾನು ಕಿವಿ ನೆಟ್ಟಗೆ ಮಾಡಿದ್ದು ಅದಕ್ಕಲ್ಲ, ಆಮೇಲಿನ ಮಾತಿಗೆ. "ಅನ್ನ ಕೈಲಿಟ್ಕೊಂಡು ಸಿಟ್ಟು ಮಾಡ್ಕೊಂಡ್ಬಿಟ್ಟೆ, ಇನ್ನು ನಮ್ಮ ಯಜಮಾನ್ರಿಗೆ ಏನಾದ್ರೂ ಆದ್ರೆ?"

ಕಥೆ ಶುರುವಾಗಿದ್ದು 2021ರ ಮೇ ತಿಂಗಳಲ್ಲಿ, ಕೊರೊನಾ ಎರಡನೇ ಅಲೆ. ಯಜಮಾನ್ರು ವೆಂಟಿಲೇಟರಲ್ಲಿ, ಒಳಗೆ ಬಿಡಲ್ಲ, ಈಯಮ್ಮ ಗೇಟಿನ ಹೊರಗೆ ಫುಟ್‌ಪಾತಲ್ಲಿ. ಅಂಗಡಿ ಹೋಟೆಲ್ ಎಲ್ಲಾ ಬಂದ್. ಯಾರೋ ಹುಡುಗ ಬೈಕಲ್ಲಿ ಬಂದು ಚಿತ್ರಾನ್ನದ ಪೊಟ್ಟಣ ಒಂದು ಕೈಗಿಟ್ಟು ಹೋದ. ಅದನ್ನ ತಿಂತಾ ತಿಂತಾ ಹರಕೆ ಹೊತ್ಕೊಂಡ್ರು, ಇವ್ರು ಮನೆಗೆ ಬರ್ಲಿ ತಾಯಿ, ನಾನೂ ಹಿಂಗೇ ಊಟ ಹಾಕ್ತೀನಿ ಅಂತ. ಯಜಮಾನ್ರು ಮನೆಗೆ ಬಂದ್ರು.

ಹರಕೇಲಿ ಬಾಯ್ಬಿಟ್ಟು ಹೇಳಿದ್ದು ಎಷ್ಟು ಜನಕ್ಕೆ ಅಂತ ಕೇಳ್ದೆ. "ನೂರೊಂದು." ಅದು ಯಾವಾಗ ಮುಗೀತು? ಸ್ವಲ್ಪ ಹೊತ್ತು ಲೆಕ್ಕ ಹಾಕಿ, ಮೊದಲ ತಿಂಗಳಲ್ಲೇ ಅಂದ್ರು. ಆಮೇಲಿಂದ ಇಷ್ಟು ವರ್ಷ ಕಟ್ಟಿದ್ದೆಲ್ಲಾ ಒಂಥರಾ ಇಎಂಐ, ಒಂದು ಕಂತು ತಪ್ಪಿದ್ರೂ ದೇವ್ರು ಗಂಡನ್ನ ಜಪ್ತಿ ಮಾಡ್ಕೊಂಡು ಹೋಗ್ತಾನೆ ಅನ್ನೋ ಲೆಕ್ಕ. ಜ್ವರ ಇದ್ರೂ ಹೋಗಿದಾರೆ. ಹೆದರ್ಕೊಂಡು ಬಡಿಸೋರಿಗೆ ಎದುರಿನವ್ರು ಕೈಮುಗೀಲೇಬೇಕು, ಆವಾಗ್ಲೇ ದೇವ್ರಿಗೆ ಸಂದಾಯ ಆಯ್ತು ಅಂತ ಸಮಾಧಾನ. ಅಜ್ಜನ ರೊಟ್ಟಿ ಅಷ್ಟು ಚುಚ್ಚಿದ್ದು ಅದಕ್ಕೇ.

"ಆ ಬೈಕ್ ಹುಡುಗನಿಗೆ ನೀವು ಥ್ಯಾಂಕ್ಸ್ ಹೇಳಿದ್ರಾ ಅಮ್ಮಾ?" ಅಂದೆ. "ಅವನ ಮುಖಾನೂ ನೋಡ್ಲಿಲ್ಲ ಮೇಡಂ, ನನ್ನ ಜೀವ ಒಳಗಿತ್ತು." ಅಷ್ಟು ಹೇಳಿ ಅವ್ರೇ ಸುಮ್ಮನಾದ್ರು. ನಾನೂ ವಿವರಿಸೋಕೆ ಹೋಗ್ಲಿಲ್ಲ.

ಅವ್ರ ನಂಬಿಕೆ ತಪ್ಪು ಅಂತ ನಾನು ಹೇಳಲ್ಲ, ಅದು ನನ್ನ ಕೆಲ್ಸಾನೂ ಅಲ್ಲ. ಸಿದ್ಧಗಂಗೆ ಮಠಕ್ಕೆ ನಡ್ಕೊಳ್ಳೋ ಮನೆತನ ಅವ್ರದ್ದು, ಅನ್ನ ಅಕ್ಷರ ಆಶ್ರಯ ಅಂತ ತ್ರಿವಿಧ ದಾಸೋಹ ಕೇಳ್ಕೊಂಡೇ ಬೆಳ್ದವ್ರು. ಸಾವಿರಾರು ಮಕ್ಕಳಿಗೆ ದಿನಾ ಊಟ ಹಾಕೋ ಅಡುಗೆಮನೆ ಅದು, 2019ರಲ್ಲಿ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದ ಮೇಲೂ ನಡೀತಾನೇ ಇದೆ, ಯಾಕಂದ್ರೆ ಎಷ್ಟೋ ಊರಿನ ಭಕ್ತರ ಕೈ ಅದರಲ್ಲಿದೆ. ನೀವೊಬ್ರೇ ಯಾಕೆ ಹೊತ್ಕೊಂಡಿದೀರಿ ಅಂದೆ. ಬಸವಣ್ಣನ ಕಾಲದ ಶರಣೆ ಆಯ್ದಕ್ಕಿ ಲಕ್ಕಮ್ಮನ ಕಥೆ ನೀವೇ ಹೇಳಿ ಅಂತಾನೂ ಕೇಳ್ದೆ. ಲಕ್ಕಮ್ಮನ ಗಂಡ ಮಾರಯ್ಯ ದಿನದ ಅಳತೆಗಿಂತ ಜಾಸ್ತಿ ಅಕ್ಕಿ ಆಯ್ಕೊಂಡು ಬಂದಾಗ ಲಕ್ಕಮ್ಮ ಹೆಚ್ಚಿನದ್ದನ್ನ ಅಲ್ಲೇ ವಾಪಸ್ ಹಾಕಿ ಬಾ ಅಂದಿದ್ದು ಹೇಳ್ತಾ ಹೇಳ್ತಾ ಅವ್ರಿಗೇ ನಗು ಬಂತು, "ನಂದೂ ಮಾರಯ್ಯನ ಕಥೆನೇ ಆಯ್ತಲ್ಲ ಮೇಡಂ".

ಸಲಹೆ ಅಂತ ಕೊಟ್ಟಿದ್ರಲ್ಲಿ ಕಷ್ಟದ್ದು ಇದು: ಒಂದು ಶನಿವಾರ ಬೇಕಂತಲೇ ಹೋಗ್ಬೇಡಿ, ಅದಕ್ಕೆ ಬದಲು ಜಾಸ್ತಿ ಪೂಜೆ, ಉಪವಾಸ, ತಪ್ಪುಕಾಣಿಕೆ ಯಾವ್ದೂ ಬೇಡ. ಭಯ ಬರುತ್ತೆ, ಬರ್ಲಿ, ಎಷ್ಟೊತ್ತಿಗೆ ಏರ್ತು ಎಷ್ಟೊತ್ತಿಗೆ ಇಳೀತು ಅಂತ ಚೀಟೀಲಿ ಬರ್ಕೊಳ್ಳಿ. ಸಮಾಧಾನಕ್ಕೆ ಅಂತ ಏನಾದ್ರೂ ಮಾಡಿದ್ರೆ ಆ ಕ್ಷಣಕ್ಕೆ ಭಯ ಇಳಿಯುತ್ತೆ, ಮುಂದಿನ ವಾರ ಇನ್ನೂ ಜೋರಾಗಿ ಬರುತ್ತೆ. ಬರ್ಕೊಂಡು ಬಂದ್ರು: ಬೆಳಿಗ್ಗೆ ಹತ್ತಕ್ಕೆ ಕೈಕಾಲು ನಡುಕ, ಮಧ್ಯಾಹ್ನ ಊಟ ಮಾಡಿ ಮಲಗಿದ್ದು. ಯಜಮಾನ್ರು ಪೇಪರ್ ಓದ್ತಾ ಆರಾಮಾಗಿದ್ರು.

ಆ ಯಜಮಾನ್ರನ್ನೂ ಒಂದ್ಸಲ ಕರೆಸ್ದೆ. "ಬದುಕಿ ಬಂದಿದ್ದು ನಾನು, ಸೌಟು ಮುಟ್ಟೋಕೆ ಬಿಡಲ್ಲ ಇವ್ಳು, ಇನ್ಫೆಕ್ಷನ್ ಆಗುತ್ತೆ ಅಂತ ಕಾರಲ್ಲೇ ಕೂರಿಸ್ತಾಳೆ" ಅಂದ್ರು. ಡಾಕ್ಟ್ರು ಓಡಾಡಬಹುದು ಅಂದಾಗಿದೆ, ಮಾಸ್ಕ್ ಹಾಕಿ ನಿಲ್ಲಿಸಿ, ಅವ್ರ ಕೃತಜ್ಞತೆ ಅವ್ರೇ ತೀರಿಸ್ಕೊಳ್ಳಲಿ ಅಂದೆ.

ಇನ್ನೊಂದು, ಅಲ್ಲಿರೋರನ್ನ ಏನು ಬೇಕು ಅಂತ ಕೇಳಿ ಅಂದಿದ್ದೆ. ಕೇಳಿದಾಗ ಗೊತ್ತಾಗಿದ್ದು, ಶನಿವಾರ ಮೂರ್ನಾಲ್ಕು ಗುಂಪು ಊಟ ತರುತ್ತೆ, ಪಲಾವ್ ಮಿಕ್ಕಿ ಕಸಕ್ಕೆ ಹೋಗುತ್ತೆ, ಮಂಗಳವಾರ ಯಾರೂ ಬರಲ್ಲ. ಅಜ್ಜ ಕೇಳಿದ್ದೂ ಸರಿಯಾಗೇ ಇತ್ತು. ಕಲಬುರಗಿ ರಾಯಚೂರು ಕಡೆಯವ್ರಿಗೆ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ಕೊಟ್ರೆ ಕೆಡಲ್ಲ, ಚೀಲದಲ್ಲಿಟ್ಕೊಂಡು ನಾಲ್ಕು ದಿನ ತಿಂತಾರೆ, ಇವ್ರು ಮೂರು ಗಂಟೆಗೆ ಏಳೋದೂ ತಪ್ಪುತ್ತೆ. ಈಗ ತಿಂಗಳಿಗೆ ಎರಡು ಮಂಗಳವಾರ ಗಂಡ ಹೆಂಡತಿ ಇಬ್ರೂ ಹೋಗ್ತಾರೆ, ರೊಟ್ಟಿ ಮಾಡಿ ಮಾರೋ ಹೆಂಗಸರ ಹತ್ರ ಕೊಂಡು ತಗೊಂಡು ಹೋಗ್ತಾರೆ. ಎದೆಬಡಿತ ಪೂರ್ತಿ ನಿಂತಿಲ್ಲ, ಅಮಾವಾಸ್ಯೆ ಹತ್ರ ಬಂದ್ರೆ ಈಗ್ಲೂ ಫೋನ್ ಬರುತ್ತೆ.

ಇದೇ ಥರ ಹರಕೆ, ಪೂಜೆ, ಸೇವೆ ತಪ್ಪಿದ್ರೆ ಅನಾಹುತ ಆಗುತ್ತೆ ಅನ್ನೋ ಯೋಚ್ನೆ ದಿನವಿಡೀ ಕೊರೀತಿದ್ರೆ ಬರೀ ಮಾತುಕತೆ ಸಾಕಾಗ್ದೇನೂ ಇರಬಹುದು, ಮನೋವೈದ್ಯರನ್ನ ನೋಡಿ. ಎಲ್ಲಿಗೆ ಹೋಗೋದು ಗೊತ್ತಾಗ್ಲಿಲ್ಲ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡ್ಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.