ಪ್ರಶ್ನೋತ್ತರ: ಫೊರೆನ್ಸಿಕ್ ಅಕೌಂಟೆಂಟರ ವೃತ್ತಿ, ಮನೆ ಮತ್ತು ಪೂಜೆ

ಪ್ರಶ್ನೆ: ನನ್ನ ಯಜಮಾನರು ಚಾರ್ಟರ್ಡ್ ಅಕೌಂಟೆಂಟ್. ಕೆಲವು ವರ್ಷಗಳಿಂದ ಬೆಂಗಳೂರಿನಲ್ಲಿ ಫೊರೆನ್ಸಿಕ್ ಆಡಿಟ್, ಅಂದರೆ ಲೆಕ್ಕಪತ್ರಗಳಲ್ಲಿ ಹಣದ ವಂಚನೆಯನ್ನು ಪತ್ತೆಹಚ್ಚುವ ತನಿಖೆ, ಮಾಡುತ್ತಿದ್ದಾರೆ. ಇಷ್ಟಲಿಂಗ ಪೂಜೆಯಾಗದೆ ನೀರನ್ನೂ ಮುಟ್ಟದವರು, ಮಕ್ಕಳೆಂದರೆ ಪ್ರಾಣ. ಈಚೆಗೆ ಮನೆಗೆ ಬಂದರೆ ಮಾತಿಲ್ಲ. ಏನಾಯಿತೆಂದು ಕೇಳಿದರೆ ‘ಹೇಳುವಂತಿಲ್ಲ’ ಎನ್ನುತ್ತಾರೆ. ದಿನವಿಡೀ ಜನರನ್ನು ಅನುಮಾನಿಸುವ ಕೆಲಸ ಭಕ್ತಿಯುಳ್ಳ ಮನುಷ್ಯನ ಮನಸ್ಸನ್ನು ಕಲ್ಲಾಗಿಸುವುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ಅವರ ಮೌನದ ವಿಷಯ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಎರಡನೆಯ ಅನುಸೂಚಿಯ ಪ್ರಕಾರ, ಕಕ್ಷಿದಾರರ ಒಪ್ಪಿಗೆಯಿಲ್ಲದೆ, ಕಾನೂನಿನ ಅಗತ್ಯವೂ ಇಲ್ಲದೆ, ಕೆಲಸದಲ್ಲಿ ತಿಳಿದುಬಂದ ಮಾಹಿತಿಯನ್ನು ಹೊರಗೆಡಹುವುದು ವೃತ್ತಿ ದುರ್ನಡತೆ. ಹೆಂಡತಿಗೆ ಹೇಳಿದರೆ ಪರವಾಗಿಲ್ಲ ಎಂಬ ವಿನಾಯಿತಿ ಅದರಲ್ಲಿಲ್ಲ. ಆದ್ದರಿಂದ ‘ಹೇಳುವಂತಿಲ್ಲ’ ಎಂಬ ಮಾತನ್ನು ನಿಮ್ಮ ಮೇಲಿನ ಅಪನಂಬಿಕೆಯೆಂದು ದಯವಿಟ್ಟು ತಿಳಿಯಬೇಡಿ. ನಿಮಗೆ ಗೊತ್ತಿಲ್ಲದಿರುವುದು ನಿಮಗೂ ಮಕ್ಕಳಿಗೂ ಒಂದು ರಕ್ಷಣೆ. ಆದರೆ ಪ್ರಕರಣದ ಬಗ್ಗೆ ಮೌನವಾಗಿರಬೇಕಾದವರು ತಮ್ಮ ದಣಿವಿನ ಬಗ್ಗೆಯೂ ಮೌನವಾಗಿರಬೇಕಾಗಿಲ್ಲ. ಯಾರದು, ಎಷ್ಟು ಹಣ ಎಂದು ನೀವು ಕೇಳಬೇಡಿ. ಇಂದು ಮನಸ್ಸು ಹೇಗಿದೆ ಎಂದು ಕೇಳಿ. ಅದಕ್ಕೆ ಉತ್ತರಿಸುವ ಹೊಣೆ ಅವರದು.

ಇನ್ನು ಅನುಮಾನ. ಈ ವೃತ್ತಿಯನ್ನು ಹೊರಗಿನಿಂದ ನೋಡುವವರು ತಪ್ಪಾಗಿ ತಿಳಿಯುವುದು ಇಲ್ಲಿಯೇ. ಒಳ್ಳೆಯ ಫೊರೆನ್ಸಿಕ್ ಅಕೌಂಟೆಂಟರು ಅನುಮಾನಿಸುವುದು ಕಾಗದವನ್ನು. 2009ರ ಜನವರಿ 7ರಂದು ಸಾಫ್ಟ್‌ವೇರ್ ಕಂಪನಿ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ಅವರು ತಮ್ಮ ನಿರ್ದೇಶಕ ಮಂಡಳಿಗೆ ಬರೆದ ಪತ್ರದಲ್ಲಿ, ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನ ಪೈಕಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಅಲ್ಲಿ ಇನ್‌ವಾಯ್ಸ್‌ಗಳಿದ್ದವು, ಠೇವಣಿಯ ರಸೀದಿಗಳಿದ್ದವು. ಅವುಗಳ ಹಿಂದೆ ಹಣವಿರಲಿಲ್ಲ. ಆದ್ದರಿಂದಲೇ ಈ ವೃತ್ತಿಯವರು ಕಂಪನಿ ಕೊಟ್ಟ ಬ್ಯಾಂಕ್ ಪತ್ರವನ್ನು ಒಪ್ಪದೆ ಬ್ಯಾಂಕಿಗೇ ನೇರವಾಗಿ ಬರೆದು ಉತ್ತರ ತರಿಸಿಕೊಳ್ಳುತ್ತಾರೆ, ಬಿಲ್ಲಿನಲ್ಲಿರುವ ವಿಳಾಸಕ್ಕೆ ಹೋಗಿ ಅಲ್ಲಿ ಗೋದಾಮು ಇದೆಯೋ ಖಾಲಿ ನಿವೇಶನ ಇದೆಯೋ ಎಂದು ಕಣ್ಣಾರೆ ನೋಡುತ್ತಾರೆ, ಕಂಪ್ಯೂಟರಿನ ಕಡತವನ್ನು ಒಂದಕ್ಷರವೂ ಬದಲಾಗದಂತೆ ನಕಲು ಮಾಡಿಟ್ಟುಕೊಂಡ ಮೇಲೆಯೇ ತೆರೆಯುತ್ತಾರೆ. ಇಷ್ಟೆಲ್ಲ ಮಾಡಿದ ಮೇಲೂ ವರದಿಯಲ್ಲಿ ‘ಇವರು ಅಪರಾಧಿ’ ಎಂದು ಬರೆಯುವುದಿಲ್ಲ. ಹಣ ಎಲ್ಲಿಂದ ಹೊರಟು ಎಲ್ಲಿಗೆ ಸೇರಿತು, ಸಹಿ ಯಾರದು, ದಿನಾಂಕ ಯಾವುದು ಎಂಬಲ್ಲಿಗೆ ಅವರ ಕೆಲಸ ಮುಗಿಯುತ್ತದೆ, ತೀರ್ಪು ನ್ಯಾಯಾಲಯದ್ದು. ಮನುಷ್ಯನನ್ನು ತೂಗುವ ಅಧಿಕಾರ ತನಗಿಲ್ಲವೆಂದು ಪ್ರತಿ ವರದಿಯಲ್ಲೂ ಒಪ್ಪಿಕೊಳ್ಳಬೇಕಾದ ಈ ಸಂಯಮ ಭಕ್ತಿಗೆ ವಿರುದ್ಧವೆಂದು ನನಗೆ ಎಂದೂ ಅನಿಸಿಲ್ಲ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಕಥೆ ನಿಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಕಲ್ಯಾಣದಲ್ಲಿ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮ ಅದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳಿಸಿದಳು. ಅವಳು ಪರೀಕ್ಷಿಸಿದ್ದು ತಂದ ಅಕ್ಕಿಯನ್ನು. ಗಂಡನ ಮೇಲಿನ ಪ್ರೀತಿಯಾಗಲಿ ಅವನ ಭಕ್ತಿಯ ಮೇಲಿನ ಗೌರವವಾಗಲಿ ಅದರಿಂದ ಕುಂದಲಿಲ್ಲ. ಆ ಮನೆಯಲ್ಲಿ ಲೆಕ್ಕ ಕೇಳುವುದೂ ಪೂಜೆಯ ಭಾಗವೇ ಆಗಿತ್ತು. ನಿಮ್ಮ ಯಜಮಾನರ ಕಾಯಕವನ್ನು ಈ ಸಾಲಿನಲ್ಲಿಟ್ಟು ನೋಡಿ.

ಆದರೆ ನಿಮ್ಮ ಭಯಕ್ಕೆ ಆಧಾರವೇ ಇಲ್ಲವೆಂದು ಹೇಳಲಾರೆ. ಕಚೇರಿಯ ಅಭ್ಯಾಸವನ್ನು ಮನೆಗೆ ತಂದು ಹೆಂಡತಿಯ ಕಿರಾಣಿ ಚೀಟಿಯನ್ನು ಎರಡೆರಡು ಬಾರಿ ಕೂಡಿಸಿ ನೋಡುವವರನ್ನು, ಮಗ ತಡವಾಗಿ ಬಂದರೆ ಸಾಕ್ಷಿಯನ್ನು ಪಾಟೀಸವಾಲು ಮಾಡುವ ಧಾಟಿಯಲ್ಲಿ ಕೇಳುವವರನ್ನು ನಾನು ಕಂಡಿದ್ದೇನೆ. ಅಂಥದ್ದು ಕಂಡರೆ ಅವರಿಗೆ ಆಗಲೇ, ನೇರವಾಗಿ ಹೇಳಿ. ಇನ್ನೊಂದು ವಿಷಯಕ್ಕೂ ಮನೆಯವರು ಸಿದ್ಧರಿರಬೇಕು: ಸತ್ಯಂ ಪ್ರಕರಣದಲ್ಲಿ ತಪ್ಪೊಪ್ಪಿಗೆಯ ಪತ್ರವೇ ಕೈಯಲ್ಲಿದ್ದರೂ ವಿಶೇಷ ನ್ಯಾಯಾಲಯದ ತೀರ್ಪು ಬಂದದ್ದು 2015ರ ಏಪ್ರಿಲ್‌ನಲ್ಲಿ. ಮುಗಿಯಿತೆಂದುಕೊಂಡ ಕೆಲಸ ವರ್ಷಗಳ ನಂತರ ಸಾಕ್ಷಿ ಹೇಳಲು ಕರೆಯುವ ಸಮನ್ಸಿನ ರೂಪದಲ್ಲಿ ಮತ್ತೆ ಬಾಗಿಲಿಗೆ ಬರಬಹುದು.

ಪ್ರಶ್ನೆ: ಸಿಎ ಅಂತಿಮ ಪರೀಕ್ಷೆ ಬರೆಯುತ್ತಿದ್ದೇನೆ, ಈ ಕ್ಷೇತ್ರಕ್ಕೆ ಬರುವಾಸೆ. ಚರ್ಚಿನ ಭಾನುವಾರದ ಪೂಜೆ ತಪ್ಪುತ್ತದೆ, ಸಂಸಾರ ನಡೆಯುವುದಿಲ್ಲ ಎಂದು ಅಮ್ಮ ಬೇಡವೆನ್ನುತ್ತಿದ್ದಾರೆ.
– ಓದುಗರೊಬ್ಬರು, ಮಂಗಳೂರು

ಉತ್ತರ: ಧೈರ್ಯವಾಗಿ ಬನ್ನಿ. ಪರೀಕ್ಷೆ ಮುಗಿದ ಮೇಲೆ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯೇ (ಐಸಿಎಐ) ನಡೆಸುವ ಫೊರೆನ್ಸಿಕ್ ಅಕೌಂಟಿಂಗ್ ಪ್ರಮಾಣಪತ್ರದ ಕೋರ್ಸ್ ಮಾಡಿಕೊಳ್ಳಿ. 2023ರ ಜುಲೈ 1ರಿಂದ ಈ ಕೆಲಸಕ್ಕೆ ಕಡ್ಡಾಯವಾಗಿರುವ ಮಾನದಂಡಗಳನ್ನು ಮೂಲದಲ್ಲಿಯೇ ಓದಿ. ಅಮ್ಮನ ಮಾತಿನಲ್ಲಿ ನಿಜವೂ ಇದೆ. ಕಚೇರಿಯಲ್ಲಿ ಜನರಿಲ್ಲದ ಹೊತ್ತೇ ಕಂಪ್ಯೂಟರ್‌ಗಳ ನಕಲು ತೆಗೆಯಲು ಅನುಕೂಲವಾದ್ದರಿಂದ ಕೆಲವು ಭಾನುವಾರಗಳು ಹೋಗುತ್ತವೆ. ಆ ವಾರ ಶನಿವಾರ ಸಂಜೆಯ ಬಲಿಪೂಜೆಗೆ ಹೋಗಬಹುದಲ್ಲವೇ? ನಿಮ್ಮ ಆಚರಣೆಯನ್ನು ಸಂದರ್ಶನದಲ್ಲಿಯೇ ತಿಳಿಸಿಬಿಡಿ, ಮದುವೆಯ ಮಾತುಕತೆಯಲ್ಲಿ ವೃತ್ತಿಯ ಸ್ವರೂಪವನ್ನೂ ಹಾಗೆಯೇ ತಿಳಿಸಿ.

ಪ್ರಶ್ನೆ: ನಾನು ಫೊರೆನ್ಸಿಕ್ ಅಕೌಂಟೆಂಟ್. ಊರಿನ ನಮ್ಮ ಖಾಸಗಿ ದೇವಸ್ಥಾನದ ಲೆಕ್ಕವನ್ನು ಉಚಿತವಾಗಿ ನೋಡಿಕೊಡಿ, ದೇವರ ಸೇವೆಯಾಗುತ್ತದೆ ಎಂದು ಸಮಿತಿಯವರು ಕೇಳುತ್ತಿದ್ದಾರೆ. ನನ್ನ ಸೋದರಮಾವನವರೇ ಖಜಾಂಚಿ. ಒಪ್ಪಿಕೊಳ್ಳಲೇ?
– ಓದುಗರೊಬ್ಬರು, ಶಿರಸಿ

ಉತ್ತರ: ಒಪ್ಪಿಕೊಳ್ಳಬೇಡಿ. ಲೆಕ್ಕ ಸರಿಯಿದ್ದರೆ ಅಳಿಯ ಮುಚ್ಚಿಹಾಕಿದನೆಂದು ಊರು ಮಾತನಾಡುತ್ತದೆ. ಸರಿಯಿಲ್ಲದಿದ್ದರೆ ನಿಮ್ಮ ತಾಯಿಗೆ ತವರಿನ ಬಾಗಿಲು ಮುಚ್ಚುತ್ತದೆ. ಎರಡರಲ್ಲಿಯೂ ದೇವಸ್ಥಾನಕ್ಕೆ ಪ್ರಯೋಜನವಿಲ್ಲ. ಸೇವೆ ಮಾಡುವ ಮನಸ್ಸಿದ್ದರೆ ವ್ಯವಸ್ಥೆ ಕಟ್ಟಿಕೊಡಿ, ಅದು ಆಡಿಟ್‌ಗಿಂತ ದೊಡ್ಡ ಸೇವೆ. ಹುಂಡಿಗೆ ಎರಡು ಬೀಗ ಹಾಕಿಸಿ ಕೀಲಿಗಳು ಬೇರೆ ಬೇರೆ ಮನೆಯವರ ಬಳಿ ಇರಲಿ. ಎಣಿಕೆ ಭಕ್ತರ ಎದುರಿನಲ್ಲಿ ನಡೆದು, ಮೊತ್ತವನ್ನು ಅಲ್ಲಿಯೇ ಬರೆದು ಸಹಿ ಮಾಡಿಸಿ, ಅದೇ ದಿನ ಅಥವಾ ಬ್ಯಾಂಕು ತೆರೆದ ಮರುದಿನ ಖಾತೆಗೆ ಜಮಾ ಮಾಡಿಸಿ. ಜಮಾ ಆಗುವ ಮೊದಲು ಆ ಹಣದಿಂದ ಹೂವಿನವರಿಗೂ ಕೊಡಕೂಡದು. ಸೇವಾ ರಸೀದಿ ಪುಸ್ತಕಗಳಿಗೆ ಕ್ರಮಸಂಖ್ಯೆ ಇರಲಿ, ಯಾವ ಪುಸ್ತಕ ಯಾರ ಕೈಯಲ್ಲಿದೆ ಎಂಬ ದಾಖಲೆಯೂ ಇರಲಿ, ಏಕೆಂದರೆ ಹಣ ಸೋರುವುದು ಹೆಚ್ಚಾಗಿ ಲೆಕ್ಕಕ್ಕೇ ಬಾರದ ಪುಸ್ತಕದಿಂದ. ಹರಕೆಯ ಬಂಗಾರವನ್ನು ತೂಗಿಸಿ ತೂಕವನ್ನು ರಸೀದಿಯಲ್ಲಿಯೇ ಬರೆಸಿ. ಲೆಕ್ಕ ತಪಾಸಣೆಗೆ ಬೇರೆ ಊರಿನ ಲೆಕ್ಕಪರಿಶೋಧಕರನ್ನು ನೇಮಿಸುವ ಠರಾವನ್ನು ಮುಂದಿನ ಮಹಾಸಭೆಯಲ್ಲಿ ಮಂಡಿಸಲು ಹೇಳಿ. ಅದಕ್ಕೆ ನಿಮ್ಮ ಸೋದರಮಾವನವರೇ ಸೂಚಕರಾಗಲು ಒಪ್ಪಿದರೆ ಇನ್ನೂ ಒಳ್ಳೆಯದು.