ಯುದ್ಧವಿಮಾನದಿಂದ ಕೊರೊಲಾವರೆಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಬಿಡದಿಯಲ್ಲೂ ತಯಾರಾಗುತ್ತಿದ್ದ ಟೊಯೋಟ ಕೊರೊಲಾ ಕಾರನ್ನು ಮೊದಲು ರೂಪಿಸಿದವರು ಯುದ್ಧವಿಮಾನದ ಎಂಜಿನಿಯರ್ ಅಂತೆ. ನಿಜವೇ? ವಿಮಾನ ಬಿಟ್ಟು ಕಾರಿಗೆ ಬಂದದ್ದೇಕೆ?
– ಓದುಗರು, ರಾಮನಗರ

ಉತ್ತರ: ನಿಜ. ಅವರು ತತ್ಸುವೊ ಹಸೆಗಾವಾ (1916–2008). ಟೋಕಿಯೊದಲ್ಲಿ ವಿಮಾನಶಾಸ್ತ್ರ ಓದಿ 1939ರಲ್ಲಿ ತಚಿಕಾವಾ ವಿಮಾನ ಕಂಪನಿ ಸೇರಿದರು. ಅಲ್ಲಿ ಕಿ-94 ಎಂಬ ಯುದ್ಧವಿಮಾನಕ್ಕೆ ಅವರೇ ಮುಖ್ಯ ವಿನ್ಯಾಸಕರು. ಅಮೆರಿಕದ ಬಿ-29 ಬಾಂಬರ್‌ಗಳು ಸುಮಾರು 10,000 ಮೀಟರ್ ಎತ್ತರದಲ್ಲಿ ಹಾರಬಲ್ಲವಾಗಿದ್ದವು. ಅಷ್ಟು ಮೇಲೆ ಗಾಳಿ ತೆಳುವಾಗಿ ಎಂಜಿನ್ನಿನ ಶಕ್ತಿ ಕುಸಿಯುತ್ತದೆ, ಪೈಲಟ್‌ಗೂ ಉಸಿರಾಟ ಕಷ್ಟ. ಹಾಗಾಗಿ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ, ಗಾಳಿಯೊತ್ತಡ ಕಾಯ್ದುಕೊಳ್ಳುವ ಕ್ಯಾಬಿನ್, 14 ಮೀಟರ್ ಉದ್ದದ ರೆಕ್ಕೆ ಎಲ್ಲವೂ ಬೇಕಾದವು. ಮುಂದೊಂದು ಹಿಂದೊಂದು ಎಂಜಿನ್ ಇದ್ದ ಅವರ ಮೊದಲ ನಕ್ಷೆಯನ್ನು ಸೇನೆ ಒಪ್ಪಲಿಲ್ಲ. ಒಂದೇ ಎಂಜಿನ್ನಿನ ಎರಡನೆಯ ರೂಪ ಹಾರಾಟಕ್ಕೆ ಅಣಿಯಾಗುವ ಹೊತ್ತಿಗೆ, 1945ರ ಆಗಸ್ಟ್‌ನಲ್ಲಿ, ಯುದ್ಧವೇ ಮುಗಿಯಿತು. ವಿಮಾನ ನೆಲ ಬಿಟ್ಟು ಏಳಲೇ ಇಲ್ಲ.

ಗೆದ್ದ ದೇಶಗಳು ಜಪಾನಿನಲ್ಲಿ ವಿಮಾನ ತಯಾರಿಕೆಯನ್ನೇ ನಿಷೇಧಿಸಿದವು. ನಿಷೇಧ ಸಡಿಲವಾದದ್ದು 1952ರಲ್ಲಿ. ಅಷ್ಟರೊಳಗೆ ನೂರಾರು ವಿಮಾನ ಎಂಜಿನಿಯರ್‌ಗಳು ಬೇರೆ ದಾರಿ ಹಿಡಿದಿದ್ದರು. ಹಸೆಗಾವಾ 1946ರಲ್ಲಿ ಟೊಯೋಟ ಸೇರಿದರು. ನಕಾಜಿಮಾ ವಿಮಾನ ಕಂಪನಿಯಲ್ಲಿದ್ದ ಶಿನ್ರೊಕು ಮೊಮೊಸೆ ಮುಂದೆ 385 ಕೆ.ಜಿ. ತೂಕದ ಸುಬಾರು 360 (1958) ಕಾರನ್ನು ಕೊಟ್ಟರು.

ಪ್ರಶ್ನೆ: ವಿಮಾನದ ವಿದ್ಯೆ ಕಾರಿಗೆ ನಿಜಕ್ಕೂ ಒದಗುತ್ತದೆಯೇ?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ತೂಕ ಮತ್ತು ಗಾಳಿಯ ವಿಷಯದಲ್ಲಿ ಖಂಡಿತ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿ ಎಂಟು ಪಟ್ಟು. ಹಸೆಗಾವಾ ಅವರ ಟೊಯೋಟ ಸ್ಪೋರ್ಟ್ಸ್ 800 ಕಾರು (1965) ಇದಕ್ಕೆ ಒಳ್ಳೆಯ ಉದಾಹರಣೆ. ಎರಡೇ ಸಿಲಿಂಡರಿನ 790 ಸಿಸಿ ಎಂಜಿನ್, 45 ಅಶ್ವಶಕ್ತಿ. ಆದರೆ ಮೈ ನುಣುಪು, ತೂಕ 580 ಕೆ.ಜಿ. ಮಾತ್ರ. ಹಾಗಾಗಿ ಗಂಟೆಗೆ 155 ಕಿ.ಮೀ. ಮುಟ್ಟುತ್ತಿತ್ತು.

ನಮ್ಮ ದೃಷ್ಟಿಯಲ್ಲಿ ವಿಮಾನ ಕಾರ್ಖಾನೆಯಿಂದ ಬಂದ ಇನ್ನೂ ದೊಡ್ಡ ಕೊಡುಗೆ ಕೆಲಸದ ಕ್ರಮ. ವಿಮಾನಕ್ಕೆ ಒಬ್ಬ ಮುಖ್ಯ ವಿನ್ಯಾಸಕ ಇರುವಂತೆ ಟೊಯೋಟದಲ್ಲಿ ಪ್ರತಿ ಕಾರಿಗೂ ಒಬ್ಬ ‘ಶುಸಾ’ ಬಂದರು. ಕಾರು ಯಾರಿಗೆ, ಎಷ್ಟು ಬೆಲೆಗೆ, ಎಷ್ಟು ತೂಕಕ್ಕೆ ಎಂಬುದೆಲ್ಲ ಅವರ ಹೊಣೆ. ಆದರೆ ಎಂಜಿನ್ ವಿಭಾಗ, ಬಾಡಿ ವಿಭಾಗದವರು ಅವರ ಕೈಕೆಳಗಿನವರಲ್ಲ, ಒಪ್ಪಿಸಿಯೇ ಕೆಲಸ ಮಾಡಿಸಬೇಕು. 1955ರ ಕ್ರೌನ್ ಕಾರಿನ ಶುಸಾ ಕೆನ್ಯಾ ನಕಮುರಾ ಅವರಿಗೆ ಹಸೆಗಾವಾ ಸಹಾಯಕರಾಗಿದ್ದರು. ಪಬ್ಲಿಕಾ ಮತ್ತು ಕೊರೊಲಾ ಕಾರುಗಳಿಗೆ ಹಸೆಗಾವಾ ಅವರೇ ಶುಸಾ.

ಪ್ರಶ್ನೆ: ಹಸೆಗಾವಾ ಅವರ ‘80 ಅಂಕದ ತತ್ತ್ವ’ ಎಂದರೆ ಸಾಧಾರಣ ಕಾರು ಮಾಡಿದರೆ ಸಾಕು ಎಂದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಅಲ್ಲ. ಇದು ತಿಳಿಯಬೇಕಾದರೆ 1961ರ ಪಬ್ಲಿಕಾ ಸೋತದ್ದೇಕೆ ಎಂದು ನೋಡಬೇಕು. 697 ಸಿಸಿಯ ಎಂಜಿನ್, ತಂಪು ಮಾಡಲು ಗಾಳಿಯೇ, ಬೆಲೆ 3,89,000 ಯೆನ್. ಹಗುರ, ಅಗ್ಗ, ಗಟ್ಟಿ. ಆದರೆ ರೇಡಿಯೊ ಇಲ್ಲ, ಹೀಟರ್ ಇಲ್ಲ. ಜೀವಮಾನದಲ್ಲಿ ಮೊದಲ ಸಲ ಕಾರು ಕೊಳ್ಳುವ ಮನೆಯವರಿಗೆ ಅದು ಬೋಳುಬೋಳಾಗಿ ಕಂಡಿತು. 1963ರಲ್ಲಿ ಇವನ್ನೆಲ್ಲ ಸೇರಿಸಿ ಡಿಲಕ್ಸ್ ಮಾದರಿ ತಂದ ಮೇಲೆ ಮಾರಾಟ ಏರಿತು. ಮಿತವ್ಯಯಕ್ಕೆ ನೂರು ಅಂಕ, ಅಂದಚಂದಕ್ಕೆ ನಲವತ್ತು ಬಂದರೆ ಕಾರು ನಪಾಸು ಎಂಬುದನ್ನು ಹಸೆಗಾವಾ ಕಂಡುಕೊಂಡದ್ದು ಇಲ್ಲಿ.

ಆದ್ದರಿಂದ ಕೊರೊಲಾದಲ್ಲಿ ಯಾವ ವಿಷಯದಲ್ಲೂ 80ಕ್ಕಿಂತ ಕಡಿಮೆ ಇರಬಾರದು, ಕೆಲವದರಲ್ಲಿ ಅದನ್ನು ಚೆನ್ನಾಗಿ ಮೀರಲೇಬೇಕು ಎಂದು ಪಟ್ಟು ಹಿಡಿದರು. ಮೀರಲು ಆರಿಸಿಕೊಂಡದ್ದು ಓಡಿಸುವ ಉತ್ಸಾಹವನ್ನು. ಸ್ಟೀರಿಂಗ್ ಕಂಬದ ಗೇರು ರೂಢಿಯಲ್ಲಿದ್ದ ಕಾಲದಲ್ಲಿ ನಾಲ್ಕು ಗೇರುಗಳ ಲಿವರ್ ನೆಲಕ್ಕೆ ಬಂತು. ಎಂಜಿನ್ನನ್ನು 20 ಡಿಗ್ರಿ ಓರೆಯಾಗಿ ಕೂರಿಸಿದ್ದರಿಂದ ಬಾನೆಟ್ ತಗ್ಗಾಯಿತು. ಮೊದಲಿಗೆ 1000 ಸಿಸಿ ಎಂದು ಯೋಚಿಸಿದ್ದನ್ನು 1077 ಸಿಸಿಗೆ ಏರಿಸಿದರು (60 ಅಶ್ವಶಕ್ತಿ). ಎದುರಾಳಿ ನಿಸಾನ್ ಸನ್ನಿ 1000ಕ್ಕಿಂತ ‘100 ಸಿಸಿ ಹೆಚ್ಚು’ ಎಂದೇ ಜಾಹೀರಾತು ಹೊರಟಿತು. 1966ರ ನವೆಂಬರ್‌ನಲ್ಲಿ ಮಾರಾಟ ಶುರುವಾಯಿತು. ತೂಕ ಸುಮಾರು 710 ಕೆ.ಜಿ. ಇಷ್ಟನ್ನೂ ಸೇರಿಸಿ ಅಷ್ಟರೊಳಗೆ ನಿಲ್ಲಿಸಿದ್ದು ವಿಮಾನದವರ ಕೈಚಳಕವೇ.

ಪ್ರಶ್ನೆ: ಮೊದಲ ಕೊರೊಲಾದ ಮುಂದಿನ ಸ್ಟ್ರಟ್ ಆಗ ಹೊಸತಂತೆ. ನನ್ನ ಕಾರಿನಲ್ಲೂ ಸ್ಟ್ರಟ್ ಇದೆ. ಸ್ಟೀರಿಂಗ್ ತಿರುಗಿಸಿದರೆ ಟಕ್ ಎನ್ನುತ್ತದೆ, ಹಳ್ಳ ಸಿಕ್ಕರೂ ಸದ್ದು. ಏನು ನೋಡಬೇಕು?
– ಓದುಗರು, ಚಿಕ್ಕಮಗಳೂರು

ಉತ್ತರ: ಸ್ಟ್ರಟ್ ಎಂದರೆ ಚಕ್ರವನ್ನು ಕಾರಿನ ಮೈಗೆ ಜೋಡಿಸುವ ಕಂಬ. ಮ್ಯಾಕ್‌ಫರ್ಸನ್ ಎಂಬ ಬಗೆಯ ಸ್ಟ್ರಟ್ಟಿನಲ್ಲಿ ಶಾಕ್ ಅಬ್ಸಾರ್ಬರೇ ಚಕ್ರ ತಿರುಗುವ ಅಚ್ಚೂ ಆಗುತ್ತದೆ. ಮೇಲಿನ ತೋಳು ಬೇಡ. ತೂಕ, ಜಾಗ ಎರಡೂ ಉಳಿತಾಯ. ಹಸೆಗಾವಾ ಅದನ್ನು ಬಯಸಿದ್ದು ಇದಕ್ಕೇ. ಮೊದಲ ಕೊರೊಲಾದಲ್ಲಿ ಜೊತೆಗೆ ಅಡ್ಡಲಾಗಿ ಒಂದು ಲೀಫ್ ಸ್ಪ್ರಿಂಗೂ ಇತ್ತು. ತೊಂದರೆ ಎಂದರೆ, ಚಕ್ರಕ್ಕೆ ಬೀಳುವ ಪಕ್ಕದ ಒತ್ತಡದ ಒಂದು ಪಾಲನ್ನು ಒಳಗಿನ ರಾಡೂ ಹೊರಬೇಕು. ಬುಷ್ ಒಂದೇ ಬದಿಗೆ ಸವೆದು, ಸೀಲ್ ಹಾಳಾಗಿ, ಆಯಿಲ್ ಸೋರುತ್ತದೆ.

ಕಾರು ನಿಂತಿದ್ದಾಗ ಸ್ಟೀರಿಂಗ್ ತಿರುಗಿಸಲು ಇನ್ನೊಬ್ಬರಿಗೆ ಹೇಳಿ, ಸ್ಟ್ರಟ್ಟಿನ ಮೇಲ್ತುದಿಯ ಸ್ಪ್ರಿಂಗನ್ನು ಕೈಗೆ ಸಿಗುವ ಜಾಗದಲ್ಲಿ ಮುಟ್ಟಿ ನೋಡಿ. ಸ್ಪ್ರಿಂಗ್ ತಡೆದು ತಡೆದು ಜಿಗಿದರೆ ಮೇಲಿನ ಬೇರಿಂಗ್ ಹೋಗಿದೆ. ರಾಡಿನ ಕೆಳಗೆ ಧೂಳು ಮೆತ್ತಿದ ಆಯಿಲ್ ಕಂಡರೆ ಸ್ಟ್ರಟ್ಟೇ ಹೋಗಿದೆ. ಎರಡೂ ಸರಿಯಿದ್ದರೆ ಕೆಳತೋಳಿನ ಬಾಲ್ ಜಾಯಿಂಟ್ ಮತ್ತು ಸ್ಟೆಬಿಲೈಸರ್ ಲಿಂಕ್ ನೋಡಿಸಿ. ಸ್ಟ್ರಟ್ ಬದಲಿಸುವುದಾದರೆ ಎರಡೂ ಬದಿ ಒಟ್ಟಿಗೇ ಆಗಲಿ, ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ಸ್ಪ್ರಿಂಗನ್ನು ಸ್ಪ್ರಿಂಗ್ ಕಂಪ್ರೆಸರ್ ಎಂಬ ಉಪಕರಣದಿಂದ ಒತ್ತಿ ಹಿಡಿಯದೆ ಮೇಲಿನ ನಡುನಟ್ಟು ಬಿಚ್ಚಲು ಯಾರಿಗೂ ಬಿಡಬೇಡಿ. ಒತ್ತಿ ಕೂತ ಸ್ಪ್ರಿಂಗ್ ಚಿಮ್ಮಿದರೆ ಪ್ರಾಣಾಪಾಯ.